ಮೂಡಣ ಮನೆಗೆ ಹೋದ ಕೊಡಲಿ

ನನ್ನ ಮೀಸೆ ಕಂಡು ಒಂದು ಹುಲಿ ನಾಚಿಕೊಂಡು ಹುಲ್ಲು ಮೇಯಲು ಶುರುಮಾಡಿತು ಎಂದು ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ. ಗುಂಡಿಗೆ ಗುರುಸಿದ್ದ ಎಂದರೆ ನಾನು. ಸಿಡಿಲು ಬಿದ್ದ ಮರದ ಕೆಂಡದಲ್ಲಿ ಬೀಡಿ ಹಚ್ಚಿಕೊಂಡು, ಇನ್ನೊಂದು ಸಿಡಿಲು ಬೀಳಲಿ, ಬೆಂಕಿ ಸಾಲದು ಎಂದವನು. ಇಂಥ ಎದೆ ಇರುವುದರಿಂದಲೇ ಚಾಮರ ಟಾಕೀಸಿಗೆ ಬರುವ ಭಯಂಕರ ಚಿತ್ರಗಳನ್ನೆಲ್ಲ ಊರಿಗಿಂತ ಮೊದಲು ಒಬ್ಬನೇ ಕೂತು ನೋಡುವ ಕೆಲಸ ನನ್ನ ಪಾಲಿಗೆ ಬಂದದ್ದು. ಊರಿನವರು ಬೇರೆ ಹೇಳುತ್ತಾರೆ. ಗುರುಸಿದ್ದನ ಎದೆ ನೋಡಿ ಕೊಟ್ಟದ್ದಲ್ಲ, ಅವನ ಮನೆಯ ಮೂಡಣಕ್ಕೆ ಹದಿನೈದು ವರ್ಷದ ಹುಡುಗಿ ಇದ್ದಾಳೆಂದು ಕೊಟ್ಟದ್ದು ಎನ್ನುತ್ತಾರೆ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ನಮ್ಮ ಊರಿನಲ್ಲಿ ಒಬ್ಬರ ಕನಸು ಅವರಿಗೆ ಬೀಳುವುದಿಲ್ಲ, ಮೂಡಣ ಮನೆಯಲ್ಲಿ ಆ ಹೊತ್ತಿಗೆ ಮಲಗಿರುವವರಿಗೆ ಬೀಳುತ್ತದೆ. ಬೇರೆ ಊರುಗಳಲ್ಲಿ ತಂತಮ್ಮ ಕನಸನ್ನು ತಾವೇ ಕಾಣುತ್ತಾರಂತೆ. ಎಂಥ ಒಂಟಿ ಬಾಳು. ನಮ್ಮಲ್ಲಿ ಬೆಳಗ್ಗೆ ಎದ್ದವರು ಹಲ್ಲುಜ್ಜುತ್ತ ಗೋಡೆಯ ಹತ್ತಿರ ಹೋಗಿ, ನಿನ್ನೆ ನಾನು ಏನು ಕಂಡೆ ಎಂದು ಕೇಳುತ್ತಾರೆ. ಆಚೆಯವರು ಕಾಫಿ ಹೀರುತ್ತ, ನೀನು ಎಮ್ಮೆಯ ಮೇಲೆ ಕೂತು ಕಚೇರಿಗೆ ಹೋದೆ, ಅಲ್ಲಿ ನಿನ್ನ ಕುರ್ಚಿಯಲ್ಲಿ ನಿಮ್ಮತ್ತೆ ಕೂತಿದ್ದರು ಎಂದು ವರದಿ ಒಪ್ಪಿಸುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಹೋಗುವುದು ಹೆಣ್ಣಿನ ಮನೆಗಲ್ಲ, ಅದರ ಮೂಡಣ ಮನೆಗೆ. ಪರೀಕ್ಷೆಯ ತಿಂಗಳಿನಲ್ಲಿ, ಎಂದೋ ಶಾಲೆ ಬಿಟ್ಟ ಮುದುಕರು ಕೂಡ ಪ್ರಶ್ನೆಪತ್ರಿಕೆ ಕಂಡು ಬೆವರಿ ಏಳುತ್ತಾರೆ. ಗಂಡಹೆಂಡಿರು ಜಗಳವಾಡಿದರೆ ಮೂಡಣ ಮನೆಯವರು ಚಾಪೆ ಹಾಸುವ ಮೊದಲೇ ಓಡಿಬಂದು ರಾಜಿ ಮಾಡಿಸುತ್ತಾರೆ, ಪರೋಪಕಾರಕ್ಕಲ್ಲ, ನಿದ್ದೆಗಾಗಿ.

ಬೀದಿಯ ತುದಿಯಲ್ಲಿ ಕೆರೆಗೆ ಅಂಟಿಕೊಂಡು ಒಂದು ಮನೆಯಿದೆ. ಅದರ ಮೂಡಣಕ್ಕೆ ಬರೀ ನೀರು, ಅಲ್ಲಿ ಮಲಗಿದವನ ಕನಸು ಕಪ್ಪೆಗಳಿಗೆ ಹೋಗುತ್ತದೆ. ನೆರೆಯವರ ಸಾವಿನ ಕನಸನ್ನು ಮೂಡಣಕ್ಕೆ ದಾಟಿಸಿದವನನ್ನು ಆ ಮನೆಗೆ ಕಳಿಸುವುದು ನಮ್ಮ ಪದ್ಧತಿ. ಮನಸ್ಸಿನಲ್ಲಿಲ್ಲದ್ದು ಕನಸಿಗೆ ಬಾರದು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಅಲ್ಲಿ ಹೊಡೆತವಿಲ್ಲ, ಬಡಿತವಿಲ್ಲ, ಅನ್ನಕ್ಕೆ ಕೊರತೆಯಿಲ್ಲ. ಬೆಳಗ್ಗೆ ಎದ್ದರೆ, ನೀನು ಇಂಥದ್ದು ಕಂಡೆ ಎಂದು ಹೇಳುವವರಿಲ್ಲ, ಅಷ್ಟೇ. ಅಲ್ಲಿಗೆ ಹೋದ ಕೊನೆಯ ಮನುಷ್ಯ ಒಂದು ಮಳೆಗಾಲ ಮುಗಿಯುವುದರೊಳಗೆ ದಡದ ಮೇಲೆ ಕೂತು, ನಾನೇನು ಕಂಡೆ ಹೇಳ್ರಪ್ಪ ಎಂದು ಕಪ್ಪೆಗಳಿಗೆ ದಮ್ಮಯ್ಯ ಗುಡ್ಡೆ ಹಾಕುತ್ತಿದ್ದ.

ನನ್ನ ಮೂಡಣ ಮನೆ ಸಾವಂತ್ರಮ್ಮನದು. ಗಂಡ ತೀರಿಕೊಂಡ ಮೇಲೆ ಹಪ್ಪಳ ಸಂಡಿಗೆ ಮಾಡಿ ಮಗಳು ತಾರಿಣಿಯನ್ನು ಸಾಕುತ್ತಿರುವ ಗಟ್ಟಿಗಿತ್ತಿ. ಅವಳ ಮೂಡಣಕ್ಕೆ ಕಾತ್ಯಾಯಿನಿ ಟೀಚರ್, ಒಂಟಿ ಜೀವ. ಟಾಕೀಸಿಗೆ ಬರುವ ಚಿತ್ರವನ್ನು ಹದಿಹರೆಯದ ಮಕ್ಕಳು ನೋಡಬಹುದೇ ಎಂದು ತೀರ್ಪು ಕೊಡುವ ಪಂಚಾಯಿತಿಗೆ ಟೀಚರೇ ಹಿರಿಯರು. ತೀರ್ಪಿನ ಕ್ರಮ ಬಲು ಸರಳ. ಬೆಳಗಿನ ಆಟದಲ್ಲಿ ನಾನೊಬ್ಬನೇ ಚಿತ್ರ ನೋಡಬೇಕು. ಮಧ್ಯಾಹ್ನ ಉಂಡು ನಾನು ನನ್ನ ಮನೆಯಲ್ಲಿ, ತಾರಿಣಿ ಅವಳ ಮನೆಯಲ್ಲಿ ಮಲಗಬೇಕು. ನನ್ನ ಕನಸು ಅವಳಿಗೆ ಹೋಗುತ್ತದೆ. ಸಂಜೆ ಅವಳು ಟಾಕೀಸಿನ ಅಂಗಳದಲ್ಲಿ ನಿಂತು ಕಂಡದ್ದನ್ನು ಹೇಳುತ್ತಾಳೆ. ಹೇಳುವಾಗ ಅವಳ ಮುಖ ನೋಡಿ ಟೀಚರು ಆಗಬಹುದು ಎನ್ನುತ್ತಾರೆ, ಇಲ್ಲವೇ ಹದಿನೆಂಟು ದಾಟಿದವರಿಗೆ ಮಾತ್ರ ಎನ್ನುತ್ತಾರೆ. ಈವರೆಗೆ ನಾನು ನೋಡಿದ ಪಿಶಾಚಿಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಪಕ್ಕದ ಜಿಲ್ಲೆ ಮುಟ್ಟುತ್ತದೆ. ಅಷ್ಟನ್ನೂ ಆ ಹುಡುಗಿ ಕಡಲೆಪುರಿ ತಿಂದಷ್ಟು ಸಲೀಸಾಗಿ ಕಂಡು, ಎದ್ದು, ಜಡೆ ಹಾಕಿಕೊಂಡು ಬಂದು, ನಿಮ್ಮ ದೆವ್ವಕ್ಕೆ ಕಾಲಿಗೆ ಚಪ್ಪಲಿ ಇತ್ತು ಮಾಮ ಎಂದು ನಗುತ್ತಿದ್ದಳು.

ಹೀಗಿರುವಾಗ ‘ಕೊಡಲಿ ದಿಬ್ಬಣ’ ಬಂತು. ಪೋಸ್ಟರ್ ಅಂಟಿಸಿದ ಗೋಡೆಯಿಂದ ಸುಣ್ಣವೇ ಕಿತ್ತು ಓಡಿಹೋಯಿತೆಂದರೆ ಚಿತ್ರದ ಪ್ರತಾಪವನ್ನು ನೀವೇ ಊಹಿಸಿ. ಮದುವೆಗೆ ಹೊರಟ ದಿಬ್ಬಣ ಒಂದು ಪಾಳುಮನೆಯಲ್ಲಿ ಇಳಿದುಕೊಳ್ಳುತ್ತದೆ. ಅಲ್ಲೊಬ್ಬ ಕೊಡಲಿ ಹಿಡಿದು ಕಾದಿದ್ದಾನೆ. ಕಥೆ ಅಷ್ಟೇ, ಉಳಿದದ್ದೆಲ್ಲ ರಕ್ತ. ಹೈಸ್ಕೂಲಿನ ಹುಡುಗ ಹುಡುಗಿಯರು ಟಾಕೀಸಿನ ಗೇಟಿನ ಮುಂದೆ ಜೇನುಹುಟ್ಟಿನ ಹಾಗೆ ಕಟ್ಟಿಕೊಂಡರು. ಮಾಲೀಕ ದೊಡ್ಡೀರಯ್ಯ ನನ್ನ ಕೈ ಹಿಡಿದು, ನಮ್ಮ ಊರಿನಲ್ಲಿ ಮಕ್ಕಳು ಬಿಟ್ಟರೆ ಸಿನಿಮಾಕ್ಕೆ ಬರುವವರು ಯಾರು, ಎದೆ ಗಟ್ಟಿ ಮಾಡಿಕೊಂಡು ನೋಡಪ್ಪ ಎಂದ. ಗಟ್ಟಿ ಮಾಡಿಕೊಳ್ಳುವುದೇನು ಬಂತು, ನನ್ನ ಎದೆಯ ಮೇಲೆ ಭತ್ತ ಕುಟ್ಟಬಹುದು ಎಂದೆ.

ಆ ವಾರ ನನಗೂ ಸಾವಂತ್ರಮ್ಮನಿಗೂ ಮಾತು ಸರಿಯಿರಲಿಲ್ಲ. ಅವಳ ಕೋಳಿಗಳು ನನ್ನ ಕೊತ್ತಂಬರಿ ಮಡಿಯನ್ನು ಕೆದರಿ ರಣರಂಗ ಮಾಡಿದ್ದವು. ನಿನ್ನ ಕೋಳಿಗಳ ಜೊತೆ ನಿನ್ನನ್ನೂ ಸಾರು ಮಾಡಿಬಿಡುತ್ತೇನೆ ಎಂದು ಬೀದಿಗೆ ಕೇಳುವ ಹಾಗೆ ಕೂಗಿದ್ದೆ. ಬಾಯಿ ನನ್ನದು ದೊಡ್ಡದು, ಎಲ್ಲರಿಗೂ ಗೊತ್ತು. ಆದರೂ ಚಿತ್ರದ ಪರೀಕ್ಷೆಯ ಬೆಳಗ್ಗೆ ಅವಳು ಗೋಡೆಯ ಹತ್ತಿರ ಬಂದು ನಿಂತಳು. ಮುಖ ನೋಡದೆ ಹೇಳಿದಳು. “ಚಿತ್ರ ಭಾಳ ಕೆಟ್ಟದಂತೆ. ನಮ್ಮ ಮಗೀಗೆ ನೋಡ್ಕೊಂಡು ಕಳ್ಸು, ಗುರುಸಿದ್ದಣ್ಣ.”

ನೋಡಿಕೊಂಡು ಕಳಿಸು. ಆ ಮಾತು ಟಾಕೀಸಿನೊಳಗೂ ನನ್ನ ಹಿಂದೆಯೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿತು.

ಸಾವಿರ ಕುರ್ಚಿಗಳ ನಡುವೆ ಒಬ್ಬನೇ. ದೀಪ ಆರಿತು. ಮೊದಲ ಕೊಡಲಿಯೇಟು ಬಿದ್ದದ್ದು ವಾಲಗದವನ ಮೇಲೆ. ನಾದಸ್ವರ ಅರ್ಧಕ್ಕೆ ನಿಂತ ಸದ್ದು ಇದೆಯಲ್ಲ, ಅದಕ್ಕೆ ನನ್ನ ಬೆನ್ನಿನಲ್ಲಿ ಮಂಜುಗಡ್ಡೆ ಓಡಿತು. ಓಡಲಿ, ಸೆಕೆಗಾಲ. ಆಮೇಲೆ ಮದುಮಗನ ಭಾವ. ಆಮೇಲೆ ಬಸ್ಸಿನ ಡ್ರೈವರ್. ಇದೆಲ್ಲವನ್ನೂ ನಾನು ಕಲ್ಲುಕಂಬದ ಹಾಗೆ ಕೂತು ನೋಡಿದೆ, ಆದರೆ ಪ್ರತಿ ಏಟಿಗೂ ಒಂದೇ ಲೆಕ್ಕಾಚಾರ ಒಳಗೆ ನಡೆದಿತ್ತು: ಇದು ಹೋಗುತ್ತದೆ, ಇದೂ ಹೋಗುತ್ತದೆ, ಇನ್ನು ಕೆಲವೇ ಗಂಟೆಗಳಲ್ಲಿ ಈ ಬೆರಳು, ಈ ಕಣ್ಣು ಎಲ್ಲವೂ ಗೋಡೆ ದಾಟಿ ಆ ಹುಡುಗಿಯ ಚಾಪೆಯ ಮೇಲೆ ಬೀಳುತ್ತದೆ. ಹಿಂದೆ ಎಂದೂ ಹಾಗನ್ನಿಸಿರಲಿಲ್ಲ. ಹಿಂದಿನ ದೆವ್ವಗಳೆಲ್ಲ ಬಿಳಿ ಸೀರೆಯ ಬಡಪಾಯಿಗಳು. ಇವನು ದೆವ್ವವಲ್ಲ, ಮನುಷ್ಯ. ಕಡಿದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಅಡುಗೆಮನೆ ಬಂತು. ದಿಬ್ಬಣಕ್ಕೆ ಅಡುಗೆ ಮಾಡಲು ಬಂದ ಹೆಂಗಸು ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಾಳೆ. ಹೊರಗೆ ಏನಾಗಿದೆ ಎಂದು ಅವಳಿಗೆ ತಿಳಿದಿಲ್ಲ. ಹಿಂದಿನ ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತಿದೆ. ಇಷ್ಟು ಸಾಕು, ಇದನ್ನು ಆ ಮಗುವಿಗೆ ಕಳಿಸಲಾರೆ ಎಂದು ನಾನು ಕಣ್ಣು ಮುಚ್ಚಿಬಿಟ್ಟೆ. ಅದು ಹೆದರಿಕೆಯಲ್ಲ, ದಯೆ. ಭೂಮಿಯ ಮೇಲೆ ಇಷ್ಟು ದಯೆ ಒಬ್ಬನ ರೆಪ್ಪೆಯ ಮೇಲೆ ಎಂದೂ ಕೂತಿರಲಿಲ್ಲ. ಸದ್ದು ಮಾತ್ರ ಕೇಳುತ್ತಲೇ ಇತ್ತು. ಬಾಗಿಲಿನ ಕಿರುಗುಟ್ಟು, ಒಲೆಯ ಚಟಪಟ, ಬರಿಗಾಲಿನ ಹೆಜ್ಜೆ. ಮುಚ್ಚಿದ ಕಣ್ಣಿನೊಳಗೆ ಆ ಸದ್ದುಗಳು ಸುಮ್ಮನಿರಲಿಲ್ಲ, ತಮಗೊಂದು ಅಡುಗೆಮನೆ ಹುಡುಕಿಕೊಂಡವು. ನಾನು ದಿನಾ ಕಿಟಕಿಯಿಂದ ಕಾಣುವ ಅಡುಗೆಮನೆ ಒಂದೇ, ಗೋಡೆಯಾಚೆಯದು. ಅದರಲ್ಲಿ ಹಸಿರು ಚೌಕಳಿ ಸೀರೆಯುಟ್ಟು, ಒಲೆ ಊದುತ್ತ ಕೂತಿರುವ ಬೆನ್ನೂ ಒಂದೇ.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಮಕ್ಕಳು ಮುತ್ತಿಕೊಂಡು, ಹೇಗಿದೆ ಹೇಗಿದೆ ಎಂದು ಪೀಡಿಸಿದರು. ಮೂರು ಸಲ ಆಕಳಿಸಿದೆ, ಕೊಡಲಿಗೆ ಹರಿತ ಸಾಲದು ಎಂದೆ. ಮನೆಗೆ ಬಂದಾಗ ಪಂಚಾಯಿತಿಯವರು ಪದ್ಧತಿಯಂತೆ ನಿದ್ದೆಯ ಊಟ ಕಳಿಸಿದ್ದರು: ತಲೆದಿಂಬಿನಷ್ಟು ದೊಡ್ಡ ರಾಗಿಮುದ್ದೆ, ಹುರುಳಿಸಾರು, ಮೇಲೆ ಒಂದು ಚೆಂಬು ಗಟ್ಟಿ ಮಜ್ಜಿಗೆ. ಮಲಗಬಾರದು ಎಂದು ನಿಶ್ಚಯಿಸಿದೆ. ಕಣ್ಣಿಗೆ ಈರುಳ್ಳಿ ಹಿಚುಕಿಕೊಂಡೆ. ಒಂಟಿಕಾಲಿನಲ್ಲಿ ನಿಂತೆ. ಮೀಸೆಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡೆ. ಗೋಡೆಯಾಚೆ ಸಾವಂತ್ರಮ್ಮ ಮಗಳಿಗೆ ಚಾಪೆ ಕೊಡವಿ ಹಾಸುತ್ತಿದ್ದ ಸದ್ದು ಕೇಳಿತು. ತಾನು ಮಾತ್ರ ಮಲಗದೆ ಕಾವಲು ಕೂರುವುದು ತಾಯಿಯ ಪಾಲಿನ ಕೆಲಸ. ಮಲಗವ್ವ, ನಾನಿಲ್ಲೇ ಇರ್ತೀನಿ ಎಂದದ್ದೂ ಕೇಳಿತು. ಮುದ್ದೆ ಹೊಟ್ಟೆಯಲ್ಲಿ ಇಳಿಯಿತು. ಮಜ್ಜಿಗೆ ಅದನ್ನು ಹಿಂಬಾಲಿಸಿತು. ಮೀಸೆ ಕಟ್ಟಿಕೊಂಡು ನಿಂತಲ್ಲೇ ನಿದ್ದೆಹೋದ ಮನುಷ್ಯ ಪ್ರಪಂಚದಲ್ಲಿ ನಾನೊಬ್ಬನೇ.

ಎಚ್ಚರವಾದದ್ದು ಚೀತ್ಕಾರಕ್ಕೆ. ಅದು ಕೂಗಲ್ಲ. ಕೂಗಾಗಿದ್ದರೆ ಅದರಲ್ಲಿ ಅವ್ವಾ ಅಂತಲೋ ಅಯ್ಯೋ ಅಂತಲೋ ಇರುತ್ತಿತ್ತು. ಮಾತೇ ಇಲ್ಲದ ಆ ಸದ್ದು ನಿಂತ ಮೇಲೂ ನನ್ನ ಮನೆಯ ಪಾತ್ರೆಗಳು ಗುಂಯ್‌ಗುಡುತ್ತಿದ್ದವು. ಆಮೇಲೆ ಗೋಡೆಯಾಚೆ ಏನೂ ಕೇಳಲಿಲ್ಲ. ಗೋಡೆಗೆ ಕಿವಿಯಿಟ್ಟು ನಿಂತೆ. ತಾಯಿ ಮಗಳು ಇಬ್ಬರೂ ಉಸಿರು ಬಿಗಿಹಿಡಿದು ಆ ಕಡೆಯಿಂದ ನನ್ನ ಮನೆಗೆ ಕಿವಿಯಿಟ್ಟಿದ್ದಾರೆ ಎಂದು ನನಗೆ ಖಚಿತವಾಗಿ ತಿಳಿಯಿತು.

ಸಂಜೆ ಟಾಕೀಸಿನ ಅಂಗಳದಲ್ಲಿ ಸೂಜಿ ಬಿದ್ದರೆ ಸೂಜಿಗೇ ನೋವಾಗುವಷ್ಟು ಜನ. ತಾರಿಣಿ ಜಡೆ ಹಾಕಿಕೊಂಡಿರಲಿಲ್ಲ. ಅವ್ವನ ಸೆರಗಿನ ಅಂಚನ್ನು ಕೈಗೆ ಸುತ್ತಿಕೊಂಡಿದ್ದಳು, ಎಳೆಮಗು ಸುತ್ತಿಕೊಳ್ಳುವ ಹಾಗೆ. ಟೀಚರು ಕಂಡದ್ದನ್ನು ಹೇಳಮ್ಮ ಎಂದರು. ಅವಳು ವಾಲಗದವನನ್ನು ಹೇಳಿದಳು, ಡ್ರೈವರನನ್ನು ಹೇಳಿದಳು, ಧ್ವನಿ ನಡುಗಲಿಲ್ಲ. ದೊಡ್ಡೀರಯ್ಯನ ಮುಖ ಅರಳಿತು. ಹುಡುಗರಲ್ಲಿ ಯಾರೋ ಸಿಳ್ಳೆ ಹಾಕಿದರು. ಆಮೇಲೆ ಅವಳು ನಿಲ್ಲಿಸಿದಳು. ನೆಲ ನೋಡಿದಳು.

“ಆಮೇಲೆ ಅವನು ನಮ್ಮನೆಗೆ ಬಂದ,” ಎಂದಳು. “ಹಿತ್ತಲ ಬಾಗ್ಲಿಂದ. ಅವ್ವ ಒಲೆ ಊದ್ತಿದ್ಲು. ಇದೇ ಸೀರೆ.”

ಉಳಿದದ್ದನ್ನು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಸಿಳ್ಳೆ ಹಾಕಿದ ಹುಡುಗ ತನ್ನ ಬಾಯಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಇಡೀ ಅಂಗಳ ಚಿತ್ರದ ಮಾತು ಮರೆತು ನನ್ನತ್ತ ತಿರುಗಿತು. ಸಿನಿಮಾದಲ್ಲಿ ಸಾವಂತ್ರಮ್ಮ ಇರಲು ಸಾಧ್ಯವಿಲ್ಲ. ಹಾಗಾದರೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಗುರುಸಿದ್ದನ ಮನಸ್ಸು. ಕೋಳಿಯ ಜಗಳವನ್ನು ಒಬ್ಬರು ಇನ್ನೊಬ್ಬರಿಗೆ ನೆನಪಿಸಿದರು. ಸಾರು ಮಾಡುತ್ತೇನೆ ಎಂದಿದ್ದನಲ್ಲ ಎಂದು ಇನ್ನೊಬ್ಬರು ಸೇರಿಸಿದರು. ಕೆರೆಯ ಮನೆಯ ಬೀಗದಕೈ ಯಾರ ಹತ್ತಿರ ಇದೆ ಎಂದು ಹಿಂದಿನಿಂದ ಒಬ್ಬ ತಣ್ಣಗೆ ವಿಚಾರಿಸಿದ.

ಸಾವಂತ್ರಮ್ಮ ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದಳು. “ನಿನ್ ಮನಸ್ನಾಗೆ ಇದಿತ್ತೇನಣ್ಣ?”

ಇಲ್ಲ ಎನ್ನುವುದು ಸುಲಭ, ನಂಬಿಸುವುದು ಹೇಗೆ? ಕಣ್ಣು ಬಿಟ್ಟು ನೋಡಿದವನಿಗೆ ಪರದೆಯ ಹೆಂಗಸೇ ಕಾಣುತ್ತಿದ್ದಳು. ಕಣ್ಣು ಮುಚ್ಚಿದವನಿಗೆ ಮಾತ್ರ ಬೇರೆಯವಳು ಕಾಣಲು ಸಾಧ್ಯ. ನಿಜ ಹೇಳಿದರೆ ನನ್ನ ಮನೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿರಲಿಲ್ಲ. ಹುಲಿ, ಸಿಡಿಲು, ಪಕ್ಕದ ಜಿಲ್ಲೆಯವರೆಗಿನ ಪಿಶಾಚಿಗಳ ಸಾಲು, ಎಲ್ಲವೂ ಅಲ್ಲೇ ಮಣ್ಣುಪಾಲು. ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಆಗ ತಾರಿಣಿಯ ಕಣ್ಣು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದಳು, ಅವುಗಳಲ್ಲಿ ಏನಾದರೂ ಇದೆಯೇ ಎಂದು.

“ಕಣ್ಣು ಮುಚ್ಕೊಂಡಿದ್ದೆ ಕಣವ್ವ,” ಎಂದೆ. “ಹೆದ್ರಿಕೆ ಆಯ್ತು.”

ಶುರುಮಾಡಿದ ಮೇಲೆ ನಾನು ಅರ್ಧಕ್ಕೆ ನಿಲ್ಲಿಸುವವನಲ್ಲ. ಏಳು ಊರುಗಳಲ್ಲಿ ಯಾರೂ ಮುಚ್ಚದಷ್ಟು ಬಿಗಿಯಾಗಿ ಮುಚ್ಚಿದ್ದೆ ಎಂದೆ. ಮೊಣಕಾಲು ಎಷ್ಟು ನಡುಗಿತೆಂದರೆ ಮುಂದಿನ ಕುರ್ಚಿಯ ಮೊಳೆಗಳು ಸಡಿಲಗೊಂಡಿವೆ, ಬೇಕಾದರೆ ಹೋಗಿ ನೋಡಿ ಎಂದೆ. ಪರದೆಯ ಹೆಂಗಸು ಬೆನ್ನು ಹಾಕಿ ಕೂತಿದ್ದಳು, ನನಗೆ ತಿಳಿದ ಬೆನ್ನು ಒಂದೇ, ಮೊಸರು ಕಡ ಕೇಳಲು ಹೋದಾಗಲೆಲ್ಲ ತಿರುಗಿ ನೋಡುವ ಬೆನ್ನು, ಅದರ ಹಿಂದೆ ಬಾಗಿಲು ತೆರೆದುಕೊಂಡರೆ ಏನು ಗತಿ ಎಂದು ಅಂಜಿದೆ, ಅಂಜಿದ್ದೇ ಹೋಗಿ ಹುಡುಗಿಗೆ ಬಿತ್ತು ಎಂದೆ. ದೊಡ್ಡೀರಯ್ಯ ಒಳಗೆ ಹೋಗಿ, ಬಂದು, ಮೊಳೆ ಸಡಿಲವಾಗಿರುವುದು ನಿಜ ಎಂದ. ಅದು ಅವನ ಅಪ್ಪನ ಕಾಲದಿಂದಲೂ ಸಡಿಲವೇ. ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಜನ ಗೊಂದಲಕ್ಕೆ ಬಿದ್ದರು. ಬೇಕೆಂದು ಕಂಡದ್ದೂ ಕನಸೇ, ಆಗಬಾರದೆಂದು ಹೆದರಿ ಕಂಡದ್ದೂ ಕನಸೇ. ಬಂದು ಬೀಳುವಾಗ ಎರಡರ ಮೇಲೂ ಒಂದೇ ರಕ್ತ. ಇವುಗಳನ್ನು ಬೇರೆ ಮಾಡುವ ಜರಡಿ ನಮ್ಮ ಊರಿನಲ್ಲಿರಲಿಲ್ಲ. ಟೀಚರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಚಿತ್ರದ ತೀರ್ಪಂತೂ ಹೀಗೆ ಕೊಡಲಾಗುವುದಿಲ್ಲ, ಹುಡುಗಿ ಕಂಡದ್ದು ಚಿತ್ರವನ್ನೇ ಅಲ್ಲ ಎಂದರು. ಗುರುಸಿದ್ದನ ವಿಷಯ ನಾಳೆಗಿರಲಿ ಎಂದರು. ಬೀಗದಕೈ ಕೇಳಿದವನು ನಾಳೆಗೆ ಏಕೆ ಎಂದ.

ಆಗ ತಾರಿಣಿ ಅವ್ವನ ಸೆರಗು ಬಿಟ್ಟಳು. “ನಾನೇ ನೋಡ್ತೀನಿ,” ಎಂದಳು. “ಆ ಬಾಗ್ಲಿಂದ ಅಸಲು ಯಾರು ಬಂದ್ರು ಅಂತ ನೋಡ್ಬೇಕು. ಇಲ್ದಿದ್ರೆ ದಿನಾ ನಮ್ಮನೆ ಬಾಗ್ಲೇ ಕಾಣತ್ತೆ.”

ಸಾವಂತ್ರಮ್ಮ ಕೂಡದು ಎಂದಳು. ಮಗಳು ನೋಡಿದರೆ ಮಗಳ ಕನಸು ಯಾರಿಗೆ ಹೋಗುತ್ತದೆ ಎಂಬುದನ್ನು ಆಗಲೇ ಎಲ್ಲರೂ ಲೆಕ್ಕ ಹಾಕಿ ಮುಗಿಸಿದ್ದರು. ಹುಡುಗಿ ತನ್ನ ಮೂಡಣ ಮನೆಯತ್ತ ತಿರುಗಿ ಕೇಳಿದಳು. “ಟೀಚರ್, ನಿಮ್ಗೆ ಬೀಳತ್ತೆ. ತಡ್ಕೋತೀರಾ?”

ಕಾತ್ಯಾಯಿನಿ ಟೀಚರು ಇಷ್ಟು ವರ್ಷ ತೀರ್ಪು ಕೊಟ್ಟಿದ್ದರು, ಒಂದು ದೆವ್ವವನ್ನೂ ಕಂಡಿರಲಿಲ್ಲ. “ನೋಡೋದಾದ್ರೆ ಪೂರ್ತಿ ನೋಡು,” ಎಂದರು. “ಅರ್ಧ ನೋಡಿ ನನಗೆ ಕಳಿಸಬೇಡ. ಆಮೇಲೆ, ಒಬ್ಬಳೇ ಕೂರಬೇಡ.”

ಯಾರ ಜೊತೆ ಕೂರುತ್ತೀಯ ಎಂದು ಕೇಳಿದಾಗ ಹುಡುಗಿ ನನ್ನ ಕಡೆ ಬೆರಳು ತೋರಿಸಿದಳು. ಅಂಗಳದಲ್ಲಿ ಎದ್ದ ಗುಜುಗುಜು ಕೇಳಿ ಕೆರೆಯ ಕಪ್ಪೆಗಳು ಸುಮ್ಮನಾದವು. ಅಮ್ಮನನ್ನು ಕೊಂದವನ ಜೊತೆಯೇ ಎಂದು ಯಾರೋ ಅಂದರು. ಅವರೂ ಅದನ್ನು ನೋಡಿಲ್ಲವಲ್ಲ ಎಂದಳು ತಾರಿಣಿ.

ಮರುದಿನ ಬೆಳಗಿನ ಆಟಕ್ಕೆ ನಾವಿಬ್ಬರೇ ಒಳಗೆ, ಹೊರಗೆ ಊರು. ವಾಲಗದವನು ಸತ್ತ, ಭಾವ ಸತ್ತ, ಡ್ರೈವರ್ ಸತ್ತ. ಅಡುಗೆಮನೆ ಬಂತು. ಬೆನ್ನು ಕಂಡಿತು, ಬಾಗಿಲು ತೆರೆದುಕೊಳ್ಳತೊಡಗಿತು. ನನ್ನ ರೆಪ್ಪೆಗಳು ಎರಡು ಎಮ್ಮೆಗಳ ಹಾಗೆ ಕೊಟ್ಟಿಗೆಗೆ ನುಗ್ಗಲು ಎಳೆದವು. ಬೆರಳಿನಿಂದ ಎತ್ತಿ ಹಿಡಿದುಕೊಂಡೆ. ಬಾಗಿಲಿನಿಂದ ಅವನೇ ಬಂದ. ಹೆಂಗಸು ತಿರುಗಿದಳು. ದುಂಡು ಮುಖ, ಮೂಗಿನ ಪಕ್ಕ ನರಹುಲಿ, ನಾನು ಜನ್ಮದಲ್ಲಿ ಕಾಣದ ಹೆಂಗಸು. ಕೊಡಲಿ ಎದ್ದಿತು. ಆದದ್ದು ಆಯಿತು. ಅದು ಸಣ್ಣದೇನಲ್ಲ, ಸುಳ್ಳು ಹೇಳಲಾರೆ. ಹಿಟ್ಟಿನ ಗುಡ್ಡೆಯ ಮೇಲೆ ಅವಳ ಕೈ ಬಿದ್ದು, ಬೆರಳಚ್ಚು ಮೂಡಿ, ಬಿಳಿಯದೆಲ್ಲ ಕೆಂಪಾಯಿತು. ತಾರಿಣಿ ಕಣ್ಣು ಮುಚ್ಚಲಿಲ್ಲ. “ಅವ್ವ ಅಲ್ಲ,” ಎಂದಳು ಮೆಲ್ಲಗೆ. ಸ್ವಲ್ಪ ಹೊತ್ತಿನ ಮೇಲೆ, “ಯಾರದೋ ಅವ್ವ,” ಎಂದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು.

ಆ ಮಧ್ಯಾಹ್ನ ತಾರಿಣಿ ಮಲಗಿದಳು, ಟೀಚರು ಮಲಗಿದರು. ಊರು ಟೀಚರ ಮನೆಯ ಮುಂದೆ ಕೂತಿತು, ನಾನು ಎಲ್ಲರಿಗಿಂತ ಹಿಂದೆ, ನನ್ನ ಪಕ್ಕ ಬೀಗದಕೈ ಕೇಳಿದವನು, ಈಗ ಅದನ್ನು ಹಿಡಿದುಕೊಂಡೇ. ಸಾವಂತ್ರಮ್ಮ ಕಿಟಕಿಯ ಕೆಳಗೆ ನಿಂತಿದ್ದಳು. ಹೊತ್ತು ಇಳಿಯಿತು. ಒಳಗಿನಿಂದ ಒಂದು ಸದ್ದು ಬಂತು. ಎಲ್ಲರೂ ಎದ್ದು ನಿಂತರು. ಅದು ಅಳುವೋ ಕೆಮ್ಮೋ ತಿಳಿಯಲಿಲ್ಲ. ಬಾಗಿಲು ತೆರೆದು ಟೀಚರು ಹೊರಬಂದಾಗ ಅವರ ಕಣ್ಣಲ್ಲಿ ನೀರಿತ್ತು.

ಕೊಡಲಿ ಕಂಡೆ, ದೂರದಲ್ಲಿ, ಗೊಂಬೆಯಾಟದಷ್ಟು ಚಿಕ್ಕದಾಗಿ ಎಂದರು. ಹತ್ತಿರದಲ್ಲಿ, ಇಡೀ ಕನಸು ತುಂಬುವಷ್ಟು ದೊಡ್ಡದಾಗಿ ಕಂಡದ್ದು ಒಂದು ಮುಖವಂತೆ. ದಪ್ಪ ಮೀಸೆ, ಎರಡೂ ಕೈಬೆರಳುಗಳಿಂದ ತನ್ನ ರೆಪ್ಪೆಗಳನ್ನು ಎತ್ತಿ ಹಿಡಿದುಕೊಂಡು, ಧಾರಾಕಾರ ಕಣ್ಣೀರು ಸುರಿಸುತ್ತ, ಪರದೆಯ ಹೆಂಗಸಿಗೆ, ತಿರುಗವ್ವ ತಿರುಗವ್ವ ಎಂದು ಅಂಗಲಾಚುತ್ತಿರುವ ಮುಖ. ನಾನು ಹಾಗೆ ಅಂದದ್ದು ನನಗೇ ತಿಳಿದಿರಲಿಲ್ಲ. ಒಳಗಿನಿಂದ ಕೇಳಿದ್ದೂ ನಗುವೇ ಅಂತೆ. ಹೇಳುತ್ತ ಹೇಳುತ್ತ ಟೀಚರಿಗೆ ಮತ್ತೆ ನಗು ಬಂತು, ನಗುತ್ತಲೇ ಮೂಗು ಒರೆಸಿಕೊಂಡರು. ಸಾವಂತ್ರಮ್ಮ ಬೀಗದಕೈ ಹಿಡಿದವನ ಹತ್ತಿರ ಹೋಗಿ ಅದನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಾತ್ರಿ ಊಟಕ್ಕೆ ಗೋಡೆಯ ಮೇಲೆ ಕೋಳಿಸಾರಿನ ಬಟ್ಟಲು ಇತ್ತು.

ತೀರ್ಪು ಅಂದೇ ಆಯಿತು. ‘ಕೊಡಲಿ ದಿಬ್ಬಣ’ವನ್ನು ಹದಿಹರೆಯದವರು ನೋಡಬಹುದು, ಆದರೆ ಪಕ್ಕದ ಕುರ್ಚಿಯಲ್ಲಿ ನಿಜವಾಗಿ ಹೆದರುವ ಒಬ್ಬ ದೊಡ್ಡವರು ಕೂತಿರಬೇಕು, ಇಬ್ಬರೂ ಕಣ್ಣು ಮುಚ್ಚಕೂಡದು. ಹೆದರುತ್ತೇನೆ ಎಂದು ಒಪ್ಪಿಕೊಳ್ಳುವ ದೊಡ್ಡವರು ನಮ್ಮ ಊರಿನಲ್ಲಿ ನಾನು ಬಿಟ್ಟರೆ ಇನ್ನೂ ಒಬ್ಬರೂ ಮುಂದೆ ಬಂದಿಲ್ಲ. ಆದ್ದರಿಂದ ಮಕ್ಕಳು ಒಬ್ಬೊಬ್ಬರಾಗಿ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ, ಮುಂಗಡವಾಗಿ ದಿನ ಗೊತ್ತುಮಾಡಿಕೊಂಡು. ಸಿಳ್ಳೆ ಹಾಕಿದ ಹುಡುಗ ಎರಡು ಸಲ ಬಂದಿದ್ದಾನೆ. ಆ ಹೆಂಗಸು ತಿರುಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಈಗ ಅವಳೇ ನನ್ನನ್ನು ಗುರುತು ಹಿಡಿಯುತ್ತಾಳೆ. ಪ್ರತಿ ಸಲವೂ ಹೆದರುತ್ತೇನೆ, ಒಮ್ಮೆಯೂ ಕಡಿಮೆಯಾಗಿಲ್ಲ. ಹೋದ ವಾರ ನಾನು ನಡುಗಿದ ರಭಸಕ್ಕೆ ಟಾಕೀಸಿನ ಹೆಂಚು ಜಾರಿ ಆಕಾಶ ಕಂಡಿತು. ನಂಬದಿದ್ದರೆ ಬನ್ನಿ, ನಿಮಗೂ ಹದಿನಾಲ್ಕೋ ಹದಿನೈದೋ ಆಗಿದ್ದರೆ ಪಕ್ಕದಲ್ಲಿ ಕೂತು ಹೆದರಿ ತೋರಿಸುತ್ತೇನೆ. ಹದಿನಾಲ್ಕು ಲೋಕಗಳಲ್ಲಿ ಇಷ್ಟು ಚೆನ್ನಾಗಿ ಹೆದರುವ ಇನ್ನೊಬ್ಬ ಗಂಡಸು ಇದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ.